ಟ್ರೆಗಾರ್ತರ ಪ್ರಬಂಧ ಓದಿದವರು

ವೆಲ್‌ಬರಿ ಪಟ್ಟಣದಲ್ಲಿ ಇದ್ದದ್ದು ಮೂರೇ ಹೋಟೆಲು. ಸೆಪ್ಟೆಂಬರಿನಲ್ಲಿ ಅಲ್ಲಿ ನಡೆಯಲಿದ್ದ ವಿಜ್ಞಾನ ಸಭೆಗೆ ಬರುವವರು ಎಂಟುನೂರು ಮಂದಿ. ಹಾಗಾಗಿ ಸಮಿತಿಯವರು ಸುತ್ತ ಹತ್ತು ಮೈಲಿಯೊಳಗಿನ ದೊಡ್ಡ ಮನೆಗಳಿಗೆಲ್ಲ ಕಾಗದ ಬರೆದು, ಒಂದು ವಾರದ ಮಟ್ಟಿಗೆ ಇಬ್ಬರು ಮೂವರು ವಿದ್ವಾಂಸರನ್ನು ಇಳಿಸಿಕೊಳ್ಳಬಹುದೇ ಎಂದು ಕೇಳಿಕೊಂಡರು. ಥಾರ್ನ್‌ಕೋಟ್ ಮನೆಯ ಗಿಲ್ಬರ್ಟ್ ಡೆನ್ಹಾಮ್ ಆ ಕಾಗದವನ್ನು ಅರ್ಧ ಓದಿ, ಇದು ಹಂದಿ ಸಾಕುವವರ ಸಭೆಯೇ ಇರಬೇಕೆಂದುಕೊಂಡು, ಅದೇ ಟಪಾಲಿನಲ್ಲಿ ಒಪ್ಪಿಗೆ ಬರೆದು ಕಳಿಸಿಬಿಟ್ಟ.

"ಹಂದಿ ವಿಷ್ಯ ಬಲ್ಲೋರು ಮೂರು ಜನ ಬರ್ತಾರೆ ಹೆಸ್ಟರ್," ಎಂದು ಹೆಂಡತಿಗೆ ಹೇಳಿದ. "ನಮ್ಮ ಕಪ್ಪು ಹಂದೀನ ಅವರಿಗೆ ತೋರಿಸ್ಬೇಕು."

ಹೆಸ್ಟರ್ ಕಾಗದವನ್ನು ಇಸಿದುಕೊಂಡು ಕೊನೆಯವರೆಗೆ ಓದಿದಳು. "ಇದರಲ್ಲಿ ಹಂದಿ ಅಂತ ಎಲ್ಲಿದೆ?"

"ಪ್ರಾಣಿಶಾಸ್ತ್ರ ಅಂತ ಇದ್ಯಲ್ಲ."

"ಪ್ರಾಣಿಶಾಸ್ತ್ರ, ಭೂಶಾಸ್ತ್ರ, ಗಣಿತ, ರಸಾಯನ, ಇನ್ನೂ ಏನೇನೋ ಇದೆ. ನೀನು ಒಂದನ್ನ ಓದಿ ಹೂಂ ಅಂದುಬಿಟ್ಟೆ."

ಹೂಂ ಎಂದ ಮೇಲೆ ಊಹೂಂ ಎನ್ನುವ ರೂಢಿ ಆ ಮನೆತನದಲ್ಲಿ ಇರಲಿಲ್ಲ. ಗಿಲ್ಬರ್ಟ್ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ. ಹೆಸ್ಟರ್ ಮಾತ್ರ ದಕ್ಷಿಣದ ಕಡೆಯ ಮೂರು ಕೋಣೆಗಳ ಪರದೆ ಒಗೆಸಿ, ಹಾಸಿಗೆಗಳನ್ನು ಬಿಸಿಲಿಗೆ ಹಾಕಿಸಿದಳು. ಅವಳು ಪಾದ್ರಿಯ ಮಗಳು, ನಲವತ್ತೆಂಟು ದಾಟಿದವಳು. ಎಂಥ ದೊಡ್ಡ ಕೆಲಸವನ್ನೂ ಸದ್ದಿಲ್ಲದೆ ಮಾಡಿ ಮುಗಿಸುವವಳೆಂದು ಸುತ್ತಲೆಲ್ಲ ಹೆಸರಾಗಿದ್ದಳು.

ಅಡುಗೆಯ ಮಿಸೆಸ್ ಟಬ್‌ಗೆ ಮಾತ್ರ ಸಮಾಧಾನವಿರಲಿಲ್ಲ. "ಅಷ್ಟೊಂದು ಓದಿದೋರು ಏನು ತಿಂತಾರೆ ಅಮ್ಮಾವ್ರೇ?"

"ನಾವು ತಿನ್ನೋದನ್ನೇ."

"ತಲೆ ದೊಡ್ಡದಾದೋರ ಹೊಟ್ಟೆ ನಾಜೂಕು ಅಂತಾರೆ. ನಮ್ಮಕ್ಕ ಒಬ್ರು ಗಣಿತದೋರ ಮನೇಲಿದ್ಲು. ಆ ಮನುಷ್ಯ ಬಾರ್ಲಿ ಗಂಜಿ ಬಿಟ್ರೆ ಇನ್ನೇನೂ ಮುಟ್ತಿರಲಿಲ್ವಂತೆ. ಮುಖನೂ ಅದೇ ಬಣ್ಣಕ್ಕೆ ತಿರುಗಿತ್ತಂತೆ."

"ಗಂಜಿ ಕೇಳಿದ್ರೆ ಗಂಜಿ ಮಾಡಿಕೊಡೋಣ. ಅಲ್ಲೀವರೆಗೆ ಕುರಿಮಾಂಸ ಇರಲಿ."

ಬುಧವಾರ ಮಧ್ಯಾಹ್ನದ ರೈಲಿಗೆ ಮೂವರೂ ಬಂದಿಳಿದರು. ಮೊದಲು ಗಾಡಿಯಿಂದ ಇಳಿದವರು ಜರ್ಮನಿಯ ಡಾಕ್ಟರ್ ಲಿಂಡೆಕೆ, ಜೇಡಗಳ ಪಂಡಿತರು. ದುಂಡಗಿನ ಆಳು, ಕೈಯಲ್ಲಿ ಹನ್ನೊಂದು ಗಾಜಿನ ಭರಣಿಗಳ ಪೆಟ್ಟಿಗೆ. ತಮ್ಮ ಕೋಣೆಯ ಮೂಲೆಗಳನ್ನು ದಯವಿಟ್ಟು ಯಾರೂ ಗುಡಿಸಬಾರದೆಂದು ಬಾಗಿಲಲ್ಲೇ ಕೇಳಿಕೊಂಡರು. ಎರಡನೆಯವರು ಸ್ಕಾಟ್ಲೆಂಡಿನ ಡಾಕ್ಟರ್ ಕಿನ್ಲೋಕ್, ಭೂಶಾಸ್ತ್ರದವರು. ಐವತ್ತೈದರ ಸುಮಾರು, ಎತ್ತರದ ಮೈಕಟ್ಟು, ಗಂಟು ಹುಬ್ಬು, ಅಳೆದು ತೂಗಿದ ಮಾತು. ಮೂರನೆಯವರು ಕಾರ್ನ್‌ವಾಲಿನ ಪ್ರೊಫೆಸರ್ ಟ್ರೆಗಾರ್ತ್, ಅವರದೂ ಭೂಶಾಸ್ತ್ರವೇ. ಎಪ್ಪತ್ತು ದಾಟಿತ್ತು, ಹತ್ತಿಯಂಥ ಬಿಳಿ ಗಡ್ಡ. ನಗುವಾಗ ಕಣ್ಣು ಮುಚ್ಚಿಹೋಗುತ್ತಿತ್ತು. ಅವರು ಹೆಸ್ಟರಳ ಕೈ ಕುಲುಕಿ, ತಮ್ಮ ಹೆಂಡತಿಯ ಒಂದು ಚೀಟಿಯನ್ನು ಕೊಟ್ಟರು. "ಸೊಂಟದ ನೋವಿನಿಂದ ನಾನು ಬರಲಾಗಲಿಲ್ಲ. ಅವರು ಕೊರಳವಸ್ತ್ರ ಮರೆಯುತ್ತಾರೆ. ಅವರನ್ನು ಎಲ್ಲಿಗೂ ಒಬ್ಬರನ್ನೇ ಬಿಡಬೇಡಿ" ಎಂದಷ್ಟೇ ಅದರಲ್ಲಿತ್ತು. ಕೆಳಗೆ ಮೊರ್ವೆನ್ನಾ ಟ್ರೆಗಾರ್ತ್ ಎಂಬ ಸಹಿ.

ಆ ಸಂಜೆ ಊಟಕ್ಕೆ ಹೆಸ್ಟರ್ ಭೂಶಾಸ್ತ್ರದ ಇಬ್ಬರನ್ನೂ ಪಕ್ಕಪಕ್ಕದಲ್ಲಿ ಕೂರಿಸಿದಳು. ಒಂದೇ ವಿದ್ಯೆಯವರು, ಮಾತಿಗೆ ಬರವಿರದು ಎಂಬುದು ಅವಳ ಎಣಿಕೆ. ಸೂಪು ಮುಗಿಯುವವರೆಗೆ ಇಬ್ಬರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಾಂಸ ಬಂದಾಗ ಕಿನ್ಲೋಕ್ ಮೇಜಿನ ಆ ತುದಿಯಲ್ಲಿದ್ದ ಗಿಲ್ಬರ್ಟನತ್ತ ತಿರುಗಿದರು.

"ಮಿಸ್ಟರ್ ಡೆನ್ಹಾಮ್, ಸ್ವಲ್ಪ ಉಪ್ಪು ಕಳಿಸ್ತೀರಾ?"

"ಉಪ್ಪು ಪ್ರೊಫೆಸರ್ ಮುಂದೇನೇ ಇದ್ಯಲ್ಲ ಸ್ವಾಮಿ."

"ನೋಡ್ದೆ. ನಿಮ್ಮ ಕೈಯಿಂದಲೇ ಇಸ್ಕೊಳ್ಳೋಣ ಅಂತ."

ಟ್ರೆಗಾರ್ತ್ ಉಪ್ಪಿನ ಬಟ್ಟಲನ್ನು ಎತ್ತಿ ತಮ್ಮ ಇನ್ನೊಂದು ಬದಿಗಿದ್ದ ಲಿಂಡೆಕೆಯವರ ಕೈಗೆ ಕೊಟ್ಟು, "ಯಾರಿಗೋ ಬೇಕಂತೆ, ದಾಟಿಸಿಬಿಡಿ" ಎಂದರು. ಒಂದು ಗೇಣು ದೂರದ ಉಪ್ಪು ಮೇಜನ್ನೆಲ್ಲ ಪ್ರದಕ್ಷಿಣೆ ಹಾಕಿ ಪಕ್ಕದ ಕುರ್ಚಿಗೆ ಬಂದು ಮುಟ್ಟಿತು.

ಊಟವಾದ ಮೇಲೆ ಲಿಂಡೆಕೆ ಹೆಸ್ಟರಳ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನಿಮ್ಮ ಧೈರ್ಯಾನ ಮೆಚ್ಚಬೇಕು ಮೇಡಂ. ಆ ಇಬ್ಬರೂ ಮಾತಾಡಿ ಹನ್ನೊಂದು ವರ್ಷ ಆಯ್ತು. ಒಂದೇ ಭರಣೀಲಿ ಎರಡು ಜೇಡ ಇಡೋಕೆ ನಾನೇ ಹೆದರ್ತೀನಿ."

ಜಗಳ ಏತಕ್ಕೆಂದು ಕೇಳಿದರೆ, ಕಲ್ಲಿಗಾಗಿ. ಥಾರ್ನ್‌ಕೋಟಿನ ಹುಲ್ಲುಗಾವಲಿನಲ್ಲೇ ಅಂಥದೊಂದು ಇತ್ತು. ಆಳೆತ್ತರದ ಬೂದು ಬಂಡೆ. ಸುತ್ತ ನೂರು ಮೈಲಿಯಲ್ಲಿ ಆ ಜಾತಿಯ ಕಲ್ಲಿಲ್ಲ. ಅದು ಇಲ್ಲಿಗೆ ಬಂದದ್ದು ಹೇಗೆ? ಹಿಂದೆ ಈ ನೆಲವೆಲ್ಲ ಸಮುದ್ರದಲ್ಲಿ ಮುಳುಗಿತ್ತು, ತೇಲಿಬಂದ ಹಿಮಗಡ್ಡೆಗಳು ಕರಗಿ ಕಲ್ಲುಗಳನ್ನು ಕೆಡವಿದವು ಎಂದು ಟ್ರೆಗಾರ್ತ್. ಸಮುದ್ರವೂ ಇಲ್ಲ ಏನೂ ಇಲ್ಲ, ಬೆಟ್ಟಗಳಿಂದ ಇಳಿದ ಹಿಮನದಿಗಳೇ ನೆಲದ ಮೇಲೆ ಎಳೆದು ತಂದವು ಎಂದು ಕಿನ್ಲೋಕ್. ಒಂದು ಕಾಲಕ್ಕೆ ಇಬ್ಬರೂ ಒಂದೇ ಚೀಲ ಹೊತ್ತು ಬೆಟ್ಟ ಅಲೆದವರು, ವಾರಕ್ಕೆರಡು ಕಾಗದ ಬರೆದುಕೊಂಡವರು. ಒಂದು ಸಭೆಯಲ್ಲಿ ಮಾತಿಗೆ ಮಾತು ಬೆಳೆದು, ಟ್ರೆಗಾರ್ತರನ್ನು ಕಿನ್ಲೋಕ್ "ಅಳತೆಗೋಲು ಮರೆತ ಕವಿ" ಎಂದರಂತೆ. ಅಲ್ಲಿಗೆ ಕಾಗದ ನಿಂತಿತು. ಈಗ ಮಂಗಳವಾರ, ಧಾನ್ಯದ ಮಂಡಿಯ ದೊಡ್ಡ ಹಜಾರದಲ್ಲಿ, ಟ್ರೆಗಾರ್ತ್ ತಮ್ಮ ನಲವತ್ತು ವರ್ಷದ ದುಡಿಮೆಯ ಕೊನೆಯ ಮಾತು ಎಂಬಂಥ ಪ್ರಬಂಧ ಓದುವವರಿದ್ದರು. ಅದನ್ನು ಕೇಳಲೆಂದೇ ಅರ್ಧ ಸಭೆ ಬಂದಿದೆ ಎಂದರು ಲಿಂಡೆಕೆ.

ಹೆಸ್ಟರ್ ಮರುದಿನವೇ ಕುರ್ಚಿಗಳನ್ನು ಬದಲಿಸಿದಳು. ಆದರೆ ಅವಳ ಗಮನ ಬೇರೊಂದರ ಮೇಲೆ ಬಿದ್ದಿತ್ತು.

ಗುರುವಾರ ತಿಂಡಿಯ ಹೊತ್ತಿಗೆ ಟ್ರೆಗಾರ್ತ್ ಈ ಮನೆ ಕಟ್ಟಿ ಎಷ್ಟು ವರ್ಷವಾಯಿತೆಂದು ಕೇಳಿದರು. ನೂರ ಎಪ್ಪತ್ತು ಎಂದಳು. ಚಹಾ ಆರುವ ಮೊದಲೇ ಅದನ್ನೇ, ಅದೇ ಕುತೂಹಲದಿಂದ, ಮತ್ತೆ ಕೇಳಿದರು. ಗಿಲ್ಬರ್ಟ್ ಹುಬ್ಬೇರಿಸಿದ. ಹೆಸ್ಟರ್ ಏನೂ ಆಗದವಳಂತೆ ಮತ್ತೆ ನೂರ ಎಪ್ಪತ್ತು ಎಂದಳು. ಶುಕ್ರವಾರ ಅವರು ಕೊಳದ ಕಡೆಗೆ ಅಡ್ಡಾಡಲು ಹೋದವರು ಬಹಳ ಹೊತ್ತಾದರೂ ಬರಲಿಲ್ಲ. ಕೊನೆಗೆ ಸಿಕ್ಕಿದ್ದು ಪಾತ್ರೆ ತೊಳೆಯುವ ಕೋಣೆಯಲ್ಲಿ, ತಮ್ಮ ಮಲಗುವ ಕೋಣೆಯನ್ನು ಹುಡುಕುತ್ತ. ಮಿಸೆಸ್ ಟಬ್ ಅವರಿಗೊಂದು ಮೊಣಕಾಲೆತ್ತರದ ಪೀಠ ಕೊಟ್ಟು, ಬಿಸಿ ಬನ್ನು ಕೊಟ್ಟು ಕೂರಿಸಿದ್ದಳು.

"ಪಾಪ, ದಾರಿ ತಪ್ಪಿದ್ರು ಅಮ್ಮಾವ್ರೇ. ನನ್ನನ್ನ ಮೊರ್ವೆನ್ನಾ ಅಂದ್ರು. ನಾನೂ ಏನು ಅಂತ ಕೇಳ್ದೆ. ಸುಮ್ನೆ ಯಾಕೆ ಅವರಿಗೆ ಬೇಜಾರು ಮಾಡೋದು?"

ಶನಿವಾರ ಸಭೆಯವರೆಲ್ಲ ಹಳೆಯ ಕೋಟೆಯೊಂದನ್ನು ನೋಡಲು ಹೋದರು. ಟ್ರೆಗಾರ್ತ್ ಪ್ರಬಂಧವನ್ನು ಒಮ್ಮೆ ತಿರುವಿಹಾಕಬೇಕೆಂದು ಉಳಿದುಕೊಂಡರು. ಹೆಸ್ಟರ್ ಪುಸ್ತಕದ ಕೋಣೆಗೆ ಹೂದಾನಿ ಬದಲಿಸಲು ಹೋದಾಗ ಅವರು ಕಿಟಕಿಯ ಬಳಿ ಕೂತು ಮೆಲುದನಿಯಲ್ಲಿ ಓದಿಕೊಳ್ಳುತ್ತಿದ್ದರು. ಚೆನ್ನಾದ ದನಿ. ಮೊದಲ ಹಾಳೆ ಓದಿ ಮುಗಿಸಿದರು. ಹಾಳೆ ಕೆಳಗಿಟ್ಟರು, ಕನ್ನಡಕ ಒರೆಸಿಕೊಂಡರು, ಮತ್ತೆ ಅದೇ ಹಾಳೆ ಎತ್ತಿಕೊಂಡು "ಸಭ್ಯರೇ, ಮಹಿಳೆಯರೇ" ಎಂದು ಮೊದಲಿನಿಂದ ಶುರುಮಾಡಿದರು. ಹೆಸ್ಟರ್ ಹೂವಿನ ಕಾಂಡ ಕತ್ತರಿಸುತ್ತ ನಿಂತಳು. ಮೂರನೆಯ ಸಲವೂ ಅದೇ ಹಾಳೆ. ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಎರಡನೆಯ ಹಾಳೆಯನ್ನು ಆ ಮುಂಜಾನೆ ಅವರು ಮುಟ್ಟಲೇ ಇಲ್ಲ.

ಹೆಸ್ಟರ್ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಅವಳ ತಂದೆಗೂ ಹೀಗೇ ಆಗಿತ್ತು. ಆಗ ಅವಳಿಗೆ ಇಪ್ಪತ್ತೆರಡು. ತಾಯಿ ಇರಲಿಲ್ಲ. ಅಪ್ಪ ವಾರದ ಮಧ್ಯೆ ಭಾನುವಾರದ ನಿಲುವಂಗಿ ತೊಟ್ಟು ಹೊರಟಾಗ ಬಾಗಿಲಲ್ಲೇ ತಡೆದು ಒಳಗೆ ಕರೆತಂದಿದ್ದಳು. ಉಪದೇಶದ ಹಾಳೆಗಳಿಗೆ ತಾನೇ ದೊಡ್ಡ ಅಂಕಿ ಹಾಕಿ ಜೋಡಿಸಿಟ್ಟಿದ್ದಳು. ಒಂದು ವರ್ಷ ಹೀಗೆ ಮುಚ್ಚಿಟ್ಟಳು. ಯಾರಿಗೂ ಹೇಳಲಿಲ್ಲ, ಅಪ್ಪನಿಗಂತೂ ಹೇಳಲೇ ಇಲ್ಲ. ಒಂದು ದಿನ ಚಮ್ಮಾರನೊಬ್ಬನ ಹೆಂಡತಿಯ ಶವಸಂಸ್ಕಾರ. ಅಪ್ಪ ಗೋರಿಯ ಪಕ್ಕ ನಿಂತು ಪುಸ್ತಕ ತೆರೆದವರು ಮದುವೆಯ ಪಾಠ ಓದತೊಡಗಿದರು. "ಈ ಹೆಣ್ಣನ್ನು ಹೆಂಡತಿಯಾಗಿ ಸ್ವೀಕರಿಸುವೆಯಾ?" ಎಂದು ಕೇಳಿದಾಗ, ಆ ಮುದುಕ ಏನು ಹೇಳಬೇಕೆಂದು ತಿಳಿಯದೆ ಟೋಪಿ ಹಿಂಡುತ್ತ "ಹೌದು" ಎಂದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಪ್ಪ ತಲೆ ಎತ್ತಿ ನೋಡಿದರು. ಅವರಿಗೆ ಅರ್ಥವಾಯಿತು. ಅದಾದ ಮೇಲೆ ಐದು ವರ್ಷ ಬದುಕಿದ್ದರು. ಮನೆಯ ಹೊಸ್ತಿಲು ದಾಟಲಿಲ್ಲ.

ಭಾನುವಾರ ಚರ್ಚಿನಿಂದ ನಡೆದು ಬರುವಾಗ ಹೆಸ್ಟರ್ ಗಂಡನಿಗೆ ಹೇಳಿದಳು.

"ನಾಡಿದ್ದು ಪ್ರೊಫೆಸರ್ ಅಷ್ಟು ಜನರ ಮುಂದೆ ಮೊದಲನೇ ಹಾಳೇನೇ ಮೂರು ಸಲ ಓದ್ತಾರೆ ಗಿಲ್ಬರ್ಟ್."

"ನೆಂಟರು ಮನೇಲಿದ್ದಾಗ ಇಂಥದ್ದನ್ನ ಬಾಯಿ ಬಿಟ್ಟು ಹೇಳೋದು ಹೇಗೆ? ಸಮಿತಿಯೋರಿಗೆ ಒಂದು ಚೀಟಿ ಬರೆದುಬಿಡು."

"ಅವರ ಬೆನ್ನ ಹಿಂದೆ?"

ಗಿಲ್ಬರ್ಟ್ ದಾರಿಯ ಕಲ್ಲೊಂದನ್ನು ಕೋಲಿನಿಂದ ಪಕ್ಕಕ್ಕೆ ತಳ್ಳಿದ. "ನಿಮ್ಮಪ್ಪನಿಗೆ ಹೇಳಿದ್ರೆ ಚೆನ್ನಾಗಿರ್ತಿತ್ತು ಅಂತ ನೀನು ಎಷ್ಟೋ ಸಲ ಅಂದಿದ್ದೀಯ. ಹಾಗನ್ನಿಸಿದ್ರೆ ಹೇಳು. ತಪ್ಪಾದ್ರೆ ನಾನು ಅವರಿಗೆ ಹಂದಿ ತೋರಿಸಿ ಸಮಾಧಾನ ಮಾಡ್ತೀನಿ."

ಮಧ್ಯಾಹ್ನ ಟ್ರೆಗಾರ್ತ್ ಹುಲ್ಲುಗಾವಲಿನ ಬಂಡೆಗೆ ಬೆನ್ನು ಕೊಟ್ಟು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಹೆಸ್ಟರ್ ಅವರ ಕೊರಳವಸ್ತ್ರ ಹಿಡಿದುಕೊಂಡು ಹೋದಳು. ದಾರಿಯುದ್ದಕ್ಕೂ ಹೊಸೆದುಕೊಂಡ ಮಾತುಗಳೆಲ್ಲ ಅಲ್ಲಿ ಮುಟ್ಟುವಷ್ಟರಲ್ಲಿ ಕೈಕೊಟ್ಟವು.

"ಪ್ರೊಫೆಸರ್, ನಿನ್ನೆ ನೀವು ಓದೋದನ್ನ ಕೇಳಿಸ್ಕೊಂಡೆ," ಎಂದಳು. "ಮೊದಲನೇ ಹಾಳೇನ ಮೂರು ಸಲ ಓದಿದ್ರಿ."

ಟ್ರೆಗಾರ್ತ್ ಅವಳ ಮುಖವನ್ನೇ ನೋಡಿದರು. ಸಿಟ್ಟಾಗುತ್ತಾರೆಂದು ಅವಳು ಕಾದಳು.

"ಮೂರು ಸಲಾನಾ? ನಾನು ಎರಡು ಅಂದ್ಕೊಂಡಿದ್ದೆ," ಎಂದರು. ಆಮೇಲೆ ಬಂಡೆಯ ಮೇಲಿನ ಹಾವಸೆಯನ್ನು ಉಗುರಿನಿಂದ ಕೆರೆಯುತ್ತ ಹೇಳಿದರು: "ಕೂತ್ಕೊಳ್ಳಿ ಅಮ್ಮ. ಈಸ್ಟರಿಂದ ನನಗೆ ಗೊತ್ತು. ಮೊರ್ವೆನ್ನಾಗೂ ಗೊತ್ತು. ಅವಳಿಗೆ ಗೊತ್ತು ಅಂತ ನನಗೆ ಗೊತ್ತಿಲ್ಲ ಅಂತ ಅವಳು ಅಂದ್ಕೊಂಡಿದ್ದಾಳೆ. ಹೀಗೆ ನಡೀತಿದೆ ನಮ್ಮ ಸಂಸಾರ. ಬೆಳಗ್ಗೆ ಬೆಳಗ್ಗೆ ಚೆನ್ನಾಗಿರ್ತೀನಿ, ಆಮೇಲೆ ಮಂಜು ಇಳಿಯುತ್ತೆ."

"ಬರಬಾರದಿತ್ತು ಅನ್ನಿಸ್ಲಿಲ್ವಾ?"

"ಆ ಪ್ರಬಂಧ ಬರೆದಿದ್ದು ಹೋದ ವರ್ಷ, ತಲೆ ನೆಟ್ಟಗಿದ್ದಾಗ. ಒಳ್ಳೇ ಪ್ರಬಂಧ. ಬರೆದ ಆಸಾಮಿ ಹೊರಟುಹೋದ, ಓದೋಕೆ ನನ್ನನ್ನ ಬಿಟ್ಟುಹೋದ." ಅವರು ನಕ್ಕರು, ಕಣ್ಣು ಮುಚ್ಚಿಹೋಯಿತು. ತೆರೆದಾಗ ರೆಪ್ಪೆ ಒದ್ದೆಯಾಗಿತ್ತು.

"ಇನ್ಯಾರಾದ್ರೂ ಓದಿದ್ರೆ ಆಗಲ್ವೇ? ಗಂಟಲು ಕಟ್ಟಿದೆ ಅಂತ ಹೇಳಬಹುದು."

"ಆಗುತ್ತೆ, ಎಷ್ಟೋ ಜನರ ಪ್ರಬಂಧ ಹಾಗೆ ಓದಿಸ್ತಾರೆ. ಆದ್ರೆ ನನ್ನ ಅಕ್ಷರ ನೋಡಿದ್ದೀರಾ?" ಜೇಬಿನಿಂದ ಒಂದು ಹಾಳೆ ತೆಗೆದು ತೋರಿಸಿದರು. ಶಾಯಿಯಲ್ಲಿ ಮುಳುಗಿದ ಇರುವೆ ಹಾಳೆಯ ಮೇಲೆಲ್ಲ ಹರಿದಾಡಿದಂತಿತ್ತು. "ಇದನ್ನ ಓದಬಲ್ಲೋರು ಲೋಕದಲ್ಲಿ ಇಬ್ಬರೇ. ಒಬ್ಬಳು ಕಾರ್ನ್‌ವಾಲಲ್ಲಿ ಸೊಂಟ ಹಿಡ್ಕೊಂಡು ಮಲಗಿದ್ದಾಳೆ."

"ಇನ್ನೊಬ್ಬರು?"

ಟ್ರೆಗಾರ್ತ್ ಮನೆಯ ಕಡೆ ಗಡ್ಡ ಎತ್ತಿ ತೋರಿಸಿದರು. ಅಲ್ಲಿ ಹಣ್ಣಿನ ತೋಟದ ಗೋಡೆಯಾಚೆ, ಕಿನ್ಲೋಕರ ಉದ್ದನೆಯ ಟೋಪಿ ಅತ್ತಿಂದಿತ್ತ ಓಡಾಡುತ್ತಿತ್ತು.

"ಪ್ರಬಂಧದಲ್ಲಿ ಮುಕ್ಕಾಲು ಪಾಲು ಅವನನ್ನೇ ಬೈದಿದ್ದೀನಿ," ಎಂದರು. "ನಾನಾಗಿ ಕೇಳಲಾರೆ. ನೀವು ಕೇಳಿದ್ರೆ ನಾನು ಬೇಡ ಅನ್ನೋಲ್ಲ."

ಹೆಸ್ಟರ್ ಹಣ್ಣಿನ ತೋಟಕ್ಕೆ ಹೋದಳು. ಕಿನ್ಲೋಕ್ ಪ್ಲಮ್ ಗಿಡದ ಕೆಳಗೆ ನಿಂತು ಯಾರೂ ನೋಡುತ್ತಿಲ್ಲವೆಂಬ ಧೈರ್ಯದಲ್ಲಿ ಹಣ್ಣು ತಿನ್ನುತ್ತಿದ್ದರು. ಅವಳನ್ನು ಕಂಡು ಬೀಜವನ್ನು ಎಲ್ಲಿಗೆ ಉಗುಳುವುದೆಂದು ತಿಳಿಯದೆ ಬಾಯಲ್ಲೇ ಇಟ್ಟುಕೊಂಡರು. ಹೆಸ್ಟರ್ ಸುತ್ತು ಬಳಸಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದಳು. ತನ್ನ ತಂದೆಯ ವಿಷಯವನ್ನೂ ಹೇಳಿದಳು. ಗೋರಿಯ ಪಕ್ಕದ ಆ ನಗುವಿನ ಬಗ್ಗೆ ಅವಳು ಹೊರಗಿನವರೊಬ್ಬರಿಗೆ ಹೇಳಿದ್ದು ಅದೇ ಮೊದಲು.

ಕಿನ್ಲೋಕ್ ಬೀಜವನ್ನು ಒಂದು ಕೆನ್ನೆಗೆ ಸರಿಸಿಕೊಂಡರು.

"ಬುಧವಾರ ಸ್ಟೇಷನ್ನಲ್ಲಿ ನನ್ನನ್ನ ನೋಡಿ ನಮಸ್ಕಾರ ಮಾಡಿದ," ಎಂದರು. "ಹನ್ನೊಂದು ವರ್ಷ ಆದ್ಮೇಲೆ. ಅಣಕಿಸ್ತಿದ್ದಾನೆ ಅಂದ್ಕೊಂಡು ಮುಖ ತಿರುಗಿಸಿದೆ. ಜಗಳ ಮರೆತಿದ್ದ ಅಂತ ಈಗ ಗೊತ್ತಾಯ್ತು. ಊಟದ ಹೊತ್ತಿಗೆ ಮತ್ತೆ ನೆನಪಾಗಿರ್ಬೇಕು." ಬೀಜವನ್ನು ಕೈಗೆ ತೆಗೆದುಕೊಂಡರು. "ಪ್ರಬಂಧದಲ್ಲಿ ಏನಿದೆ?"

"ಹೆಚ್ಚಾಗಿ ನೀವೇ ಇದ್ದೀರಂತೆ."

"ಇರ್ತೀನಿ. ಕೊಡಿ ಇಲ್ಲಿ."

ಹೆಸ್ಟರ್ ಪುಸ್ತಕದ ಕೋಣೆಯಿಂದ ಹಾಳೆಗಳ ಕಟ್ಟನ್ನು ತಂದುಕೊಟ್ಟಳು. ಚಹಾದ ಗಂಟೆ ಹೊಡೆದರೂ ಕಿನ್ಲೋಕ್ ಬರಲಿಲ್ಲ. ಲಿಂಡೆಕೆ ಅವರ ಪಾಲಿನ ಕೇಕನ್ನೂ ತಿಂದು ಮುಗಿಸಿದರು. ಕಿಟಕಿಯಿಂದ ನೋಡಿದರೆ ತೋಟದ ಕಲ್ಲುಬೆಂಚಿನ ಮೇಲೆ ಕೂತು ಹಾಳೆಯ ಮೇಲೆ ಹಾಳೆ ತಿರುವುತ್ತಿದ್ದರು. ನಡುನಡುವೆ ತಲೆ ಕೊಡವುತ್ತಿದ್ದರು, ಒಮ್ಮೆ ಎದ್ದು ನಿಂತು ಗಿಡದ ಜೊತೆ ಏನೋ ವಾದ ಮಾಡಿ ಮತ್ತೆ ಕೂತರು. ಬಿಸಿಲು ಇಳಿಯುವ ಹೊತ್ತಿಗೆ ಒಳಗೆ ಬಂದು, ಹೆಸ್ಟರಳನ್ನು ಮೊಗಸಾಲೆಯಲ್ಲಿ ತಡೆದರು.

"ಒಂಬತ್ತನೇ ಹಾಳೇಲಿ ಒಂದು ಅಂಕಿ ತಪ್ಪಿದೆ ಮಿಸೆಸ್ ಡೆನ್ಹಾಮ್. ಕ್ಯಾಡನ್ ಗುಡ್ಡದ ಮೇಲೆ ಸಮುದ್ರದ ಚಿಪ್ಪು ಸಿಕ್ಕಿದ್ದು ಹದಿನೆಂಟುನೂರು ಅಡಿ ಎತ್ತರದಲ್ಲಿ ಅಂತ ಬರೆದಿದ್ದಾನೆ. ಆ ಗುಡ್ಡ ಇರೋದೇ ಹದಿನಾಲ್ಕುನೂರು. ಇದನ್ನ ಇದ್ದಹಾಗೆ ಓದಿದ್ರೆ, ಗುಡ್ಡದ ಮೇಲೆ ಇನ್ನೂ ನಾನೂರು ಅಡಿ ಆಕಾಶದಲ್ಲಿ ಚಿಪ್ಪು ಸಿಕ್ಕಿದ ಹಾಗಾಗುತ್ತೆ. ಹಜಾರ ಬಿದ್ದು ಬಿದ್ದು ನಗುತ್ತೆ. ನಾನು ಬಾಯಿ ಬಿಡೋದೇ ಬೇಡ, ಗೆದ್ದ ಹಾಗೆ."

"ಹಾಗಾದ್ರೆ?"

"ಹಾಗಾದ್ರೆ ಏನು, ಕೇಳಿ ಸರಿಮಾಡ್ಬೇಕು." ಅವರು ಪುಸ್ತಕದ ಕೋಣೆಯ ಬಾಗಿಲು ನೂಕಿ ಒಳಗೆ ಹೋದರು. ಟ್ರೆಗಾರ್ತ್ ಬೆಂಕಿಯ ಮುಂದೆ ಕೂತಿದ್ದರು. ಕಿನ್ಲೋಕ್ ಹಾಳೆಯನ್ನು ಅವರ ಮೂಗಿನ ಕೆಳಗೆ ಹಿಡಿದು, ಹನ್ನೊಂದು ವರ್ಷದ ಮೇಲೆ ಮೊದಲ ಮಾತು ಆಡಿದರು.

"ಇದು ಎಂಟೋ ಮೂರೋ?"

ಟ್ರೆಗಾರ್ತ್ ಕನ್ನಡಕ ಏರಿಸಿಕೊಂಡು ನೋಡಿದರು. "ಮೂರು. ಹದಿಮೂರುನೂರು. ನಿನಗೆ ಗೊತ್ತಿಲ್ವಾ, ನೀನೂ ಬಂದಿದ್ಯಲ್ಲ. ಮಳೇಲಿ ನಿನ್ನ ಬೂಟು ಕೆಸರಲ್ಲಿ ಹೂತುಹೋಗಿತ್ತು."

"ನನ್ನದಲ್ಲ, ನಿನ್ನದು."

"ನಿನ್ನದು ಕಣಯ್ಯ. ಎಡಗಾಲಿಂದು."

ಹೆಸ್ಟರ್ ಬಾಗಿಲು ಎಳೆದುಕೊಂಡು ಬಂದಳು. ಊಟದ ಗಂಟೆಯವರೆಗೆ ಒಳಗಿನಿಂದ ಇಬ್ಬರ ದನಿಯೂ ಕೇಳಿಸುತ್ತಿತ್ತು. ಪ್ರೀತಿಯ ಮಾತೇನಲ್ಲ, ಸಮುದ್ರ, ಹಿಮ, ಕಲ್ಲು, ಬೂಟು ಎಂದು ಏರುದನಿಯ ಜಗಳವೇ.

ಸೋಮವಾರವೆಲ್ಲ ಕಿನ್ಲೋಕ್ ಪ್ರಬಂಧವನ್ನು ಓದಿ ಅಭ್ಯಾಸ ಮಾಡಿದರು. ಟ್ರೆಗಾರ್ತ್ ಎದುರು ಕೂತು "ಇಲ್ಲಿ ನಿಧಾನ, ಇಲ್ಲಿ ಸಿಟ್ಟು ಬರಬೇಕು" ಎಂದು ಹೇಳಿಕೊಟ್ಟರು. "ನನ್ನ ಮೇಲೆ ನಾನೇ ಸಿಟ್ಟು ಮಾಡ್ಕೋಬೇಕಾ?" ಎಂದು ಕಿನ್ಲೋಕ್ ಗೊಣಗಿದರು.

ಮಂಗಳವಾರ ಹನ್ನೊಂದು ಗಂಟೆಗೆ ಧಾನ್ಯದ ಮಂಡಿಯ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರಿಗೆ ಮೀಸಲಿಟ್ಟ ಬಲಬದಿಯ ಸಾಲಿನಲ್ಲಿ ಹೆಸ್ಟರ್ ಕೂತಿದ್ದಳು. ಗಿಲ್ಬರ್ಟನೂ ಬಂದಿದ್ದ, ಕಂಬಕ್ಕೆ ಒರಗಿ ನಿಂತಿದ್ದ. ಪ್ರೊಫೆಸರರಿಗೆ ಗಂಟಲು ಕಟ್ಟಿರುವುದರಿಂದ ಅವರ ಪ್ರಬಂಧವನ್ನು ಡಾಕ್ಟರ್ ಕಿನ್ಲೋಕ್ ಓದುವರೆಂದು ಅಧ್ಯಕ್ಷರು ಹೇಳಿದಾಗ ಹಜಾರದಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ತಿರುಚಿ ಓದುತ್ತಾನೆ ಎಂದರು ಕೆಲವರು. ನುಂಗಿ ಓದುತ್ತಾನೆ ಎಂದರು ಇನ್ನು ಕೆಲವರು. ಟ್ರೆಗಾರ್ತ್ ವೇದಿಕೆಯ ಮೇಲೆ, ಕಿನ್ಲೋಕರ ಬಲಗಡೆಯ ಕುರ್ಚಿಯಲ್ಲಿ, ಕೊರಳವಸ್ತ್ರ ಸುತ್ತಿಕೊಂಡು ಕೂತಿದ್ದರು.

ಕಿನ್ಲೋಕ್ ಓದತೊಡಗಿದರು. ಒಂದು ಪದ ಬಿಡಲಿಲ್ಲ, ಒಂದು ಪದ ಅವಸರಿಸಲಿಲ್ಲ. ತಮ್ಮ ಮಾತಿಗೆ ಎಂದೂ ಕೊಡದ ಏರಿಳಿತವನ್ನು ಆ ಮಾತಿಗೆ ಕೊಟ್ಟರು. ಸಮುದ್ರ ಬೆಟ್ಟಗಳ ಸೊಂಟದವರೆಗೆ ಏರಿದ್ದು, ತೇಲುವ ಹಿಮಗಡ್ಡೆಗಳು ಮಂದೆಯಂತೆ ತೆಂಕಣಕ್ಕೆ ಸಾಗಿದ್ದು, ಒಂದೊಂದು ಕಲ್ಲು ಆಳದ ಕೆಸರಿಗೆ ಮೆಲ್ಲಗೆ ಇಳಿದದ್ದು ಇವನ್ನೆಲ್ಲ ಅವರು ಓದುತ್ತಿದ್ದರೆ, ಹೆಸ್ಟರಳಿಗೆ ತನ್ನ ಹುಲ್ಲುಗಾವಲಿನ ಮೇಲೆ ನೀರು ನಿಂತಂತೆ ಕಂಡಿತು. ಚಿಪ್ಪಿನ ಮಾತು ಬಂದಾಗ ಹದಿಮೂರುನೂರು ಅಡಿ ಎಂದರು. ಆಮೇಲೆ ಹನ್ನೆರಡನೆಯ ಹಾಳೆ ಬಂತು.

"ನನ್ನ ಹಳೆಯ ಗೆಳೆಯ ಡಾಕ್ಟರ್ ಕಿನ್ಲೋಕರ ಕಾಲು ಗಟ್ಟಿ, ಕಣ್ಣು ಚುರುಕು," ಎಂದು ಓದಿದರು ಕಿನ್ಲೋಕ್, "ಆದರೆ ಹಿಮದ ಹೊಳಪನ್ನು ಬಹಳ ಹೊತ್ತು ನೋಡಿದವರಿಗೆ ಆಗುವಂತೆ, ಬೇರೇನನ್ನೂ ಕಾಣುವ ಶಕ್ತಿ ಅವರಿಗೆ ಉಳಿದಿಲ್ಲ."

ಹಜಾರ ನಕ್ಕಿತು. ಕಿನ್ಲೋಕ್ ನಗು ಮುಗಿಯುವವರೆಗೆ ಕಾದು, ಹಿಂದಿನ ಸಾಲಿಗೆ ಕೇಳಿಸಿರಲಿಕ್ಕಿಲ್ಲ ಎಂಬಂತೆ ಕೊನೆಯ ಭಾಗವನ್ನು ಇನ್ನೊಮ್ಮೆ ಓದಿದರು. ಈ ಸಲದ ನಗುವೇ ಬೇರೆಯಾಗಿತ್ತು. ಟ್ರೆಗಾರ್ತರೂ ಅದರಲ್ಲಿ ಸೇರಿದ್ದರು.

ಮುಕ್ಕಾಲು ಗಂಟೆಯ ಮೇಲೆ ಓದು ಮುಗಿಯಿತು. ಚಪ್ಪಾಳೆ ನಿಂತ ಮೇಲೆ ಅಧ್ಯಕ್ಷರು, ಡಾಕ್ಟರ್ ಕಿನ್ಲೋಕ್ ತಮ್ಮ ಉತ್ತರ ಹೇಳುವರೇ ಎಂದು ಕೇಳಿದರು.

"ನನ್ನ ಗಂಟಲೂ ಈಗ ಕಟ್ಟಿದೆ," ಎಂದರು ಅವರು. "ಉತ್ತರಾನ ಅಚ್ಚು ಹಾಕಿಸ್ತೀನಿ. ಇವತ್ತಿನ ದಿನ ಪ್ರೊಫೆಸರ್ ಅವರದ್ದು."

ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಮಧ್ಯದ ಸಾಲಿನಿಂದ ತರುಣನೊಬ್ಬ ಎದ್ದು, ಚಿಪ್ಪುಗಳು ಒಡೆದಿದ್ದವೋ ಇಡಿಯಾಗಿದ್ದವೋ ಎಂದು ನೇರವಾಗಿ ಟ್ರೆಗಾರ್ತರನ್ನೇ ಕೇಳಿದ. ತಪ್ಪೇನಿಲ್ಲದ, ಒಳ್ಳೆಯ ಪ್ರಶ್ನೆಯೇ. ಟ್ರೆಗಾರ್ತ್ ನಿಧಾನಕ್ಕೆ ಎದ್ದು ನಿಂತರು. ಬಾಯಿ ತೆರೆದರು. ಹಜಾರವನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ನೋಡಿದರು. ಇವರೆಲ್ಲ ಯಾರು, ತಾನು ಎಲ್ಲಿದ್ದೇನೆ ಎಂದು ಹುಡುಕುವ ನೋಟ ಅದು. ಹೆಸ್ಟರಳಿಗೆ ಆ ನೋಟ ಗೊತ್ತಿತ್ತು.

ಕಿನ್ಲೋಕ್ ಆತುರ ಪಡಲಿಲ್ಲ. ಹಾಳೆಗಳನ್ನು ಮತ್ತೆ ಕೈಗೆತ್ತಿಕೊಂಡು, "ಪ್ರೊಫೆಸರ್ ಇದಕ್ಕೆ ಹತ್ತನೇ ಹಾಳೇಲಿ ಉತ್ತರ ಕೊಟ್ಟಿದ್ದಾರೆ, ನಾನು ಓದುವಾಗ ನಿಮ್ಮ ಗಮನ ಎಲ್ಲೋ ಇದ್ದಿರ್ಬೇಕು," ಎಂದು ತರುಣನಿಗೆ ಹೇಳಿ, ಆ ಭಾಗವನ್ನು ಪೂರ್ತಿಯಾಗಿ ಇನ್ನೊಮ್ಮೆ ಓದಿದರು. ಓದುತ್ತಲೇ ಬಲಗೈಯನ್ನು ಟ್ರೆಗಾರ್ತರ ತೋಳಿನ ಮೇಲಿಟ್ಟರು. ಟ್ರೆಗಾರ್ತ್ ತಮ್ಮದೇ ಮಾತುಗಳನ್ನು ತಲೆದೂಗುತ್ತ ಕೇಳಿ, "ಸರಿಯಾಗಿದೆ" ಎಂದು ಕೂತುಕೊಂಡರು. ತರುಣ ವಂದಿಸಿ ಕೂತ. ಅನುಮಾನ ಬಂದವರು ಒಬ್ಬಿಬ್ಬರು ಇದ್ದಿರಬಹುದು. ಯಾರೂ ನಗಲಿಲ್ಲ.

ಗಾಡಿಯಲ್ಲಿ ಹಿಂತಿರುಗುವಾಗ ಟ್ರೆಗಾರ್ತ್ ನಿದ್ದೆಹೋದರು. ಅವರ ತಲೆ ಕಿನ್ಲೋಕರ ಹೆಗಲ ಮೇಲೆ ಬಿದ್ದಿತ್ತು. ಕಿನ್ಲೋಕ್ ಐದು ಮೈಲಿ ದೂರ ಅಲುಗಾಡದೆ ಕೂತಿದ್ದರು.

"ಒಂದು ಮಾತು ಕೇಳ್ಲಾ ಡಾಕ್ಟರ್?" ಎಂದ ಗಿಲ್ಬರ್ಟ್. "ಅವರು ಹೇಳಿದ್ದರಲ್ಲಿ ನೀವು ಎಷ್ಟು ಒಪ್ತೀರಿ?"

"ಒಂದಕ್ಷರಾನೂ ಇಲ್ಲ," ಎಂದರು ಕಿನ್ಲೋಕ್.

ಗುರುವಾರ ಮೂವರೂ ಹೊರಟರು. ಲಿಂಡೆಕೆಯವರ ಪೆಟ್ಟಿಗೆಯಲ್ಲಿ ಈಗ ಹದಿನಾಲ್ಕು ಭರಣಿಗಳಿದ್ದವು. ಮೂರು ಜೇಡಗಳನ್ನು ಮಿಸೆಸ್ ಟಬ್ ತಾನೇ ಉಗ್ರಾಣದಿಂದ ಹಿಡಿದುಕೊಟ್ಟಿದ್ದಳು. ಕಿನ್ಲೋಕ್ ತಮ್ಮ ದಾರಿಯನ್ನು ಬದಲಿಸಿ ಟ್ರೆಗಾರ್ತರನ್ನು ಕಾರ್ನ್‌ವಾಲಿನ ಮನೆಬಾಗಿಲವರೆಗೆ ಬಿಟ್ಟುಬರಲು ಹೋದರು.

ಟ್ರೆಗಾರ್ತ್ ಮತ್ತೆ ಪ್ರಬಂಧ ಬರೆಯಲಿಲ್ಲ. ಕ್ರಿಸ್ಮಸ್ಸಿಗೆ ತಮ್ಮ ಹುದ್ದೆ ಬಿಟ್ಟರು. ಕಿನ್ಲೋಕರ ಉತ್ತರ ಹೇಳಿದಂತೆ ವಸಂತದಲ್ಲಿ ಅಚ್ಚಾಯಿತು. ನಲವತ್ತು ಪುಟ, ಎಲ್ಲೂ ದಾಕ್ಷಿಣ್ಯವಿಲ್ಲ, ಒಂದೊಂದು ಮಾತನ್ನೂ ಎತ್ತಿ ಎತ್ತಿ ಮುರಿದಿದ್ದರು. ಅದನ್ನು ಗಂಡನಿಗೆ ದಿನಕ್ಕೆರಡು ಪುಟದಂತೆ ಓದಿ ಹೇಳುತ್ತಿರುವುದಾಗಿಯೂ, ಅವರು ಕೇಳಿ ಬಹಳ ಸಂತೋಷದಿಂದ ಬೈಯುತ್ತಿರುವುದಾಗಿಯೂ ಮೊರ್ವೆನ್ನಾ ಹೆಸ್ಟರಳಿಗೆ ಬರೆದಳು. ಹೆಸ್ಟರ್ ಉತ್ತರ ಬರೆದಳು. ಹಾಗೆ ಇಬ್ಬರು ಹೆಂಗಸರ ನಡುವೆ ಕಾಗದದ ಬಳಕೆ ಬೆಳೆಯಿತು.

ಎರಡು ವರ್ಷದ ಮೇಲೆ ಒಂದು ಚಳಿಗಾಲದ ಬೆಳಗ್ಗೆ ಕಿನ್ಲೋಕರದೇ ಕಾಗದ ಬಂತು. ಹೆಸ್ಟರ್ ಅದನ್ನು ಗಿಲ್ಬರ್ಟನಿಗೆ ಓದಿ ಹೇಳಿದಳು. ತಾವು ಕಾರ್ನ್‌ವಾಲಿಗೆ ಹೋಗಿದ್ದಾಗಿ, ಟ್ರೆಗಾರ್ತರಿಗೆ ಈ ಸಲ ತಮ್ಮ ಗುರುತು ಹತ್ತಲಿಲ್ಲವೆಂದು ಬರೆದಿದ್ದರು. "ಸ್ಕಾಟ್ಲೆಂಡಿನಲ್ಲಿ ಕಿನ್ಲೋಕ್ ಎಂಬೊಬ್ಬ ಇದ್ದಾನೆ, ಹೇಸರಗತ್ತೆಯಂಥ ಹಟಮಾರಿ ಎಂದು ನನಗೇ ಹೇಳಿದ. ಹಿಮದ ವಿಷಯದಲ್ಲಿ ಆತ ಹೇಳುವುದು ಸರಿಯೇ ಎಂದು ಕೇಳಿದೆ. ಎಲ್ಲ ತಪ್ಪು, ಆದರೆ ನನ್ನ ಅಕ್ಷರ ಅವನೊಬ್ಬನೇ ಸರಿಯಾಗಿ ಓದುತ್ತಾನೆ ಎಂದ. ಮಧ್ಯಾಹ್ನವೆಲ್ಲ ಕಿನ್ಲೋಕನನ್ನು ಇಬ್ಬರೂ ಸೇರಿ ಬೈದೆವು. ಈಸ್ಟರಿಗೆ ಮತ್ತೆ ಹೋಗುತ್ತೇನೆ."

ಗಿಲ್ಬರ್ಟ್ ಚಹಾ ಬಟ್ಟಲನ್ನು ಕೆಳಗಿಟ್ಟ. "ಆ ಕಲ್ಲಿನ ವಿಷ್ಯದಲ್ಲಿ ಕೊನೆಗೆ ಯಾರದ್ದು ನಿಜ?"

"ಡಾಕ್ಟರದ್ದೇ ನಿಜ ಅಂತ ಈಗ ಎಲ್ರೂ ಒಪ್ತಿದಾರಂತೆ. ಮೊರ್ವೆನ್ನಾ ಬರೆದಿದ್ಲು."

"ಡಾಕ್ಟರು ಬರೆದಿಲ್ವಾ?"

"ಇಲ್ಲ. ಅದರ ಮಾತೇ ಎತ್ತಿಲ್ಲ."

ಹೆಸ್ಟರ್ ಆ ಬೆಳಗ್ಗೆಯೇ ಉತ್ತರ ಬರೆದು, ಕಾರ್ನ್‌ವಾಲಿಗೆ ಹೋಗುವ ದಾರಿಯಲ್ಲಿ ಥಾರ್ನ್‌ಕೋಟಿನಲ್ಲಿ ಇಳಿದು ಹೋಗಬೇಕೆಂದು ಕೇಳಿಕೊಂಡಳು. ಈಸ್ಟರಿಗೆ ವಾರ ಮುಂಚೆ ಕಿನ್ಲೋಕ್ ಬಂದು ಮೂರು 
ದಿನ ಇದ್ದರು. ಹೊರಡುವಾಗ ಮಿಸೆಸ್ ಟಬ್ ಪ್ರೊಫೆಸರರಿಗೆಂದು ಒಂದು ಡಬ್ಬಿ ಶುಂಠಿ ಬಿಸ್ಕತ್ತು ಕಟ್ಟಿಕೊಟ್ಟು, ದಾರಿಯಲ್ಲಿ ತಿನ್ನಬಾರದೆಂದು ಡಾಕ್ಟರಿಂದ ಮಾತು ತೆಗೆದುಕೊಂಡಳು.